ನೆಟ್ ಹೋಗಿತ್ತು

ನೆಟ್ ಕಂಪನಿಯಿಂದ ಲೈನ್ ನೋಡುವವನು ಹತ್ತರಿಂದ ಹನ್ನೆರಡರ ಒಳಗೆ ಬರುತ್ತಾನೆ ಎಂದು ಫೋನಿಗೆ ಸಂದೇಶ ಬಂದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹತ್ತಕ್ಕೇ ಬಂದುಬಿಟ್ಟರೆ ಎಂಬ ಭಯ ಒಂದು ಕಡೆ, ಹನ್ನೆರಡಾದರೂ ಬಾರದಿದ್ದರೆ ಅಲ್ಲಿಯ ತನಕ ಹೀಗೇ ಒದ್ದಾಡಬೇಕಲ್ಲ ಎಂಬ ಸಂಕಟ ಇನ್ನೊಂದು ಕಡೆ. ಎದುರಿನ ಪರದೆಯ ಮೇಲೆ ಕಾರ್ಖಾನೆಯ ನೌಕರನೊಬ್ಬ ಬೆಂಕಿ ಆರಿಸುವ ಸಿಲಿಂಡರು ಹಿಡಿದು, ಅದರ ಪಿನ್ನು ಅರ್ಧ ಎಳೆದು ನಿಂತಿದ್ದ. ನಿಂತು ಇಪ್ಪತ್ತು ನಿಮಿಷವಾಗಿತ್ತು. ಆ ನೌಕರನ ಕಾಲ ಕೆಳಗೆ ಎರಡು ಸಾಲು ಬರೆಯುವುದು ಇವನ ಕೆಲಸ. ಇಂಥ ಪಾಠದ ಚಿತ್ರಗಳಿಗೆ, ಒಮ್ಮೊಮ್ಮೆ ಅದೃಷ್ಟ ಚೆನ್ನಾಗಿದ್ದರೆ ನಿಜವಾದ ಸಿನಿಮಾಗಳಿಗೆ, ಅಡಿಯಲ್ಲಿ ಓಡುವ ಸಬ್‌ಟೈಟಲ್ ಬರೆದು ಅವನು ಆರು ವರ್ಷದಿಂದ ಹೊಟ್ಟೆ ಹೊರೆಯುತ್ತಿದ್ದ. ಜಗತ್ತಿನಲ್ಲಿ ಯಾರು ಏನೇ ಮಾತಾಡಿದರೂ ಅದನ್ನು ಎರಡು ಸಾಲಿಗೆ ಇಳಿಸಬಲ್ಲೆ ಎಂಬ ಜಂಬ ಅವನಿಗಿತ್ತು. ಇವತ್ತು ಹೆಂಡತಿಗೆ ಹೇಳಬೇಕಾದ ಒಂದೇ ಒಂದು ಸಾಲು ಮಾತ್ರ ಮೂರು ದಿನದಿಂದ ಗಂಟಲಲ್ಲೇ ಕೂತಿತ್ತು.

ಹೇಳಬೇಕಾಗಿದ್ದದ್ದು ಇಷ್ಟು: ನಮ್ಮ ನೆಟ್ ಸರಿಯಾಗಿಯೇ ಇದೆ. ಕೇಳಿದರೆ ಸಂತೋಷದ ಸುದ್ದಿಯೇ. ಆದರೆ ಈ ಮನೆಯಲ್ಲಿ ನೆಟ್ ಎನ್ನುವುದು ಆರು ತಿಂಗಳಿಂದ ಹಾಸಿಗೆ ಹಿಡಿದ ರೋಗಿಯ ಹಾಗೆ ಉಪಚಾರ ಮಾಡಿಸಿಕೊಂಡಿತ್ತು. ಅದಕ್ಕಾಗಿ ಹೆಂಡತಿ ತನ್ನ ಜಾಗ ಬಿಟ್ಟುಕೊಟ್ಟಿದ್ದಳು. ಅವಳು ಮನೆಯಿಂದಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ದಿನಕ್ಕೆ ಮೂರು ಕ್ಲಾಸು, ಒಂದೊಂದರಲ್ಲಿ ಇಪ್ಪತ್ತು ಇಪ್ಪತ್ತೆರಡು ಮಕ್ಕಳು, ಎಲ್ಲರೂ ಅವಳನ್ನು ಮಿಸ್ ಎನ್ನುತ್ತಾರೆ, ಇವನೂ ಒಳ್ಳೆಯ ಲಹರಿಯಲ್ಲಿದ್ದಾಗ ಮಿಸ್ ಎಂದೇ ಕರೆಯುತ್ತಾನೆ. ಮೊದಲು ಅವಳ ಬಿಳಿ ಬೋರ್ಡು ಇದೇ ಕೋಣೆಯಲ್ಲಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೆಲಸದ ಕೋಣೆ ಎಂದರೆ ಇದೊಂದೇ, ನೆಟ್‌ನ ಡಬ್ಬಿ ಇರುವುದೂ ಇದರ ಗೋಡೆಯ ಮೇಲೇ. ‘ನಿನ್ನದು ಪದೇ ಪದೇ ಹೋಗತ್ತಲ್ಲ, ನೀನು ಡಬ್ಬಿ ಪಕ್ಕದಲ್ಲೇ ಕೂತ್ಕೋ, ನಾನು ಎಲ್ಲಾದರೂ ನಿಭಾಯಿಸ್ತೀನಿ’ ಎಂದು ಅವಳು ಬೋರ್ಡು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ಅದು ಫ್ರಿಜ್ಜಿಗೆ ಒರಗಿ ನಿಂತಿದೆ. ಬಟ್ಟೆ ಒಗೆಯುವ ಮಿಷಿನ್ನಿನ ಮೇಲೆ ಲ್ಯಾಪ್‌ಟಾಪು, ಸಿಂಕಿನ ಕಟ್ಟೆಯ ಮೇಲೆ ಸ್ಕೆಚ್ ಪೆನ್ನು, ಕುಕ್ಕರ್ ಕೂಗುವ ಮೊದಲೇ ಓಡಿ ಗ್ಯಾಸು ಆರಿಸುವ ಗಣಿತದ ಮಿಸ್. ಅವಳನ್ನು ಹಾಗೆ ನೋಡಿದಾಗಲೆಲ್ಲ ಅವಳ ಜಾಗ ಅವಳಿಗೆ ಬಿಟ್ಟುಕೊಡಬೇಕು ಎಂದುಕೊಳ್ಳುತ್ತಿದ್ದ. ಎಂದುಕೊಂಡ ಮೇಲೆ ಕೋಣೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದ.

ಶುರುವಾದದ್ದು ಕೆಲಸ ಕೊಡುವ ಮೇಡಮ್ಮಿನಿಂದ. ಅವರು ಒಂದು ದಿನ ವೀಡಿಯೊದಲ್ಲಿ ಬಂದು, ಮುಗಿಸಿದ ಕೆಲಸ ಎಷ್ಟು ಎಂದು ಕೇಳಿದರು. ಮುಗಿದದ್ದು ಏನೂ ಇರಲಿಲ್ಲ. ಏನು ಹೇಳಲಿ ಎಂದು ಅವನು ಒಂದು ಗಳಿಗೆ ಸುಮ್ಮನೆ ಕೂತ. ಆ ಕಡೆಯಿಂದ ಅವರೇ, ಅಯ್ಯೋ, ನಿಮ್ಮ ಚಿತ್ರ ನಿಂತುಹೋಯಿತು, ನೆಟ್ ಹೋಯಿತು ಅಂತ ಕಾಣತ್ತೆ, ಆಮೇಲೆ ಮಾತಾಡೋಣ ಎಂದು ಹೊರಟುಹೋದರು. ದಾರಿ ಅವರೇ ತೋರಿಸಿಕೊಟ್ಟ ಮೇಲೆ ನಡೆಯುವುದೇನು ಕಷ್ಟ. ಸುಳ್ಳು ಹೇಳುವುದಕ್ಕಾದರೂ ಬಾಯಿ ತೆರೆಯಬೇಕು, ಇದಕ್ಕೆ ಅದೂ ಬೇಡ. ಮುಂದೆ ಅದನ್ನು ಅವನು ಒಂದು ವಿದ್ಯೆಯ ಹಾಗೆ ಪಳಗಿಸಿಕೊಂಡ. ಆರು ವರ್ಷ ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವನು ಅವನು. ನಿಂತ ಚಿತ್ರದಲ್ಲಿ ಯಾರ ಮುಖವೂ ಲಕ್ಷಣವಾಗಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಿಳಿಯದವರು ಬಾಯಿ ಮುಚ್ಚಿ ಫೋಟೋಗೆ ಕೂತ ಹಾಗೆ ಕೂರುತ್ತಾರೆ, ಸಿಕ್ಕಿಬೀಳುತ್ತಾರೆ. ಬಾಯಿ ಅರ್ಧ ತೆರೆದಿರಬೇಕು, ಒಂದು ರೆಪ್ಪೆ ಇಳಿದಿರಬೇಕು, ಕೈ ಎಲ್ಲಿಗೋ ಹೊರಟು ನಡುವೆ ನಿಂತಿರಬೇಕು. ಹಿಂದಿನ ಪರದೆ ಅಲ್ಲಾಡದಂತೆ ಕಿಟಕಿ ಮುಚ್ಚಿದ್ದ, ಫ್ಯಾನು ಕಾಣದಂತೆ ಕ್ಯಾಮೆರಾ ತಗ್ಗಿಸಿದ್ದ. ಇಪ್ಪತ್ತು ಸೆಕೆಂಡು ಉಸಿರು ಹಿಡಿಯುವುದು ಅಭ್ಯಾಸವಾಗಿತ್ತು. ಈ ಶ್ರದ್ಧೆಯನ್ನು ಕೆಲಸಕ್ಕೆ ಹಾಕಿದ್ದರೆ ಎಲ್ಲಿಗೋ ಹೋಗಿರುತ್ತಿದ್ದೆ ಎಂದು ಅವನಿಗೇ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಪ್ರತಿ ಸಲ ಆದಮೇಲೆ ಹೊರಗೆ ಬಂದು, ಮತ್ತೆ ಹೋಯ್ತು ನೋಡು ದರಿದ್ರದ್ದು ಎಂದು ಗೊಣಗುತ್ತಿದ್ದ. ಹೆಂಡತಿ ಕೂಡಲೇ ಫೋನು ತೆಗೆದು ಕಂಪನಿಗೆ ದೂರು ಬರೆಯುತ್ತಿದ್ದಳು. ಯಾವ ದಿನ, ಎಷ್ಟು ಗಂಟೆ, ಏನು ಮಾಡುವಾಗ ಹೋಯಿತು, ಎಲ್ಲವನ್ನೂ. ಅವಳು ಎಲ್ಲವನ್ನೂ ಹಾಗೆಯೇ, ಹಂತ ಬಿಡದೆ ಬರೆಯುವವಳು.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಹೋದ ವಾರ ಮೇಡಮ್ಮಿಂದ ಪತ್ರ ಬಂತು: ಮುಂದಿನ ತಿಂಗಳಿನಿಂದ ನೇರ ಪ್ರಸಾರದ ಕೆಲಸ, ಮಾತು ಬಂದ ಹಾಗೇ ಅಡಿಯಲ್ಲಿ ಸಾಲು ಬರಬೇಕು, ಗಟ್ಟಿಯಾದ ನೆಟ್ ಇರುವವರಿಗೆ ಮಾತ್ರ ಕೊಡುತ್ತೇವೆ, ದಯವಿಟ್ಟು ಬದಲಾಯಿಸಿಕೊಳ್ಳಿ. ಹೆಂಡತಿ ಅದನ್ನು ತನಗೇ ಕೊಟ್ಟ ಲೆಕ್ಕವೆಂದು ತಿಳಿದಳು. ಎರಡು ದಿನದಲ್ಲಿ ಫ್ರಿಜ್ಜಿನ ಮೇಲೆ ಒಂದು ಹಾಳೆ ಹತ್ತಿತು. ಮೂರು ಕಾಲಮ್ಮು. ಈಗಿರುವ ಹಳೆಯ ತಾಮ್ರದ ತಂತಿ, ಹೊಸದಾಗಿ ಬೀದಿಗೆ ಬಂದಿರುವ ಗಾಜಿನ ಎಳೆಯ ಫೈಬರ್ ಲೈನು, ಸಿಮ್ ಹಾಕಿ ಎಲ್ಲಿ ಬೇಕಾದರೂ ಇಡಬಹುದಾದ ಡಬ್ಬಿ. ಕರೆಂಟು ಹೋದರೆ ಯಾವುದು ಉಳಿಯುತ್ತದೆ, ಸಂಜೆ ಬೀದಿಯವರೆಲ್ಲ ಸಿನಿಮಾ ಹಾಕಿಕೊಂಡಾಗ ಯಾವುದು ಸೊರಗುತ್ತದೆ, ಕೆಟ್ಟರೆ ಮನೆಗೆ ಯಾರು ಬರುತ್ತಾರೆ. ಹಾಳೆಯ ಕೊನೆಯಲ್ಲಿ ಮಾತ್ರ ಒಂದು ಪ್ರಶ್ನೆ: ಈಗಿನದು ಹೋಗುತ್ತಿರುವುದು ಏಕೆ? ‘ಅದು ಗೊತ್ತಾಗದೆ ಹೊಸದು ಹಾಕಿಸಿದ್ರೆ ಅದೂ ಹೋಗಲ್ಲ ಅಂತ ಏನು ಗ್ಯಾರಂಟಿ?’ ಎಂದಳು. ಅವನು ತಲೆಯಾಡಿಸಿದ. ಅವಳು ಲೈನಿನವನನ್ನು ಕರೆಸಿದಳು. ಆರು ತಿಂಗಳ ದಾಖಲೆ ತೆಗೆದುಕೊಂಡು ಬನ್ನಿ ಎಂದು ಬೇರೆ ಹೇಳಿದ್ದಳು.

ಅವಳು ಈವರೆಗೆ ಬರೆದ ಹದಿನಾಲ್ಕು ದೂರುಗಳಲ್ಲಿ ಹದಿಮೂರಕ್ಕೆ ಅವನು ಹೆದರುತ್ತಿರಲಿಲ್ಲ. ಮೇಡಮ್ಮು, ಚಿತ್ರ ಮಾಡಿಸಿದವರು, ಮದುವೆಗೆ ಬಾ ಎನ್ನುವ ದೂರದ ಚಿಕ್ಕಪ್ಪ, ಇವರಿಂದ ತಪ್ಪಿಸಿಕೊಂಡದ್ದು ಗೊತ್ತಾದರೆ ಹೆಂಡತಿ ಒಂದು ವಾರ ಬೈಯುತ್ತಾಳೆ, ಎರಡನೇ ವಾರ ಎಲ್ಲರೆದುರು ಹೇಳಿ ನಗುತ್ತಾಳೆ. ಅವನಿಗೆ ಹೆದರಿಕೆ ಇದ್ದದ್ದು ಒಂದೇ ಒಂದು ಭಾನುವಾರದ್ದು. ಆ ಸಂಜೆ ಅಕ್ಕ ವೀಡಿಯೊದಲ್ಲಿ ಬಂದಿದ್ದಳು. ಇವನಿಗಿಂತ ಹನ್ನೊಂದು ವರ್ಷ ದೊಡ್ಡವಳು, ಇಪ್ಪತ್ತೆರಡು ವರ್ಷ ಒಂದೇ ಆಫೀಸಿನಲ್ಲಿ ಟೈಪು ಮಾಡಿದವಳು, ಮದುವೆ ಗಿದುವೆ ಗೊಡವೆಗೆ ಹೋಗದೆ ಆಫೀಸಿನವರೇ ಕೊಟ್ಟ ಮನೆಯಲ್ಲಿ ಒಬ್ಬಳೇ ಇದ್ದವಳು. ಆಫೀಸು ಮುಚ್ಚುತ್ತಿದ್ದಾರೆ, ಮನೆ ಬಿಡಬೇಕು ಎಂದಳು. ನಕ್ಕಳು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಅವನ ಮುಖ ನೋಡದೆ, ‘ಬೇರೆ ರೂಮು ಸಿಗೋ ತನಕ ಎರಡು ತಿಂಗಳು ನಿಮ್ಮನೇಲಿ ಇರಲೇನೋ?’ ಎಂದು ಕೇಳಿದಳು. ಇವನಿಗೆ ಆಗ ಕಂಡದ್ದು ಅಕ್ಕನಲ್ಲ, ಈ ಕೋಣೆ. ಈ ಕೋಣೆಯಲ್ಲಿ ಅಕ್ಕನ ಮಂಚ, ಅಕ್ಕನ ಟ್ರಂಕು, ಬಾಗಿಲು ಸದಾ ತೆರೆದು, ಹಾಲಿನ ಮೂಲೆಯಲ್ಲಿ ಪೈಜಾಮ ಹಾಕಿಕೊಂಡು ಕೂತಿರುವ ತಾನು, ‘ಇದೇನಾ ಆಫೀಸು ಅಂದ್ರೆ? ಹನ್ನೊಂದಾಯ್ತು, ಸ್ನಾನ ಮಾಡಲ್ವೇನೋ?’ ಎನ್ನುವ ಅಕ್ಕ. ಬೇಡ ಎನ್ನುವ ಧೈರ್ಯವಿರಲಿಲ್ಲ, ಬಾ ಎನ್ನುವ ಮನಸ್ಸಿರಲಿಲ್ಲ. ಬಾಯಿ ಅರ್ಧ ತೆರೆದುಕೊಂಡಿತು, ರೆಪ್ಪೆ ಇಳಿಯಿತು, ಕೈ ಕಿವಿಯ ಹತ್ತಿರ ಹೋಗಿ ನಿಂತಿತು. ಇಪ್ಪತ್ತು ಸೆಕೆಂಡು. ಆಮೇಲೆ ತಾನೇ ಕತ್ತರಿಸಿದ. ಅಕ್ಕ ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಬರೀ ಮಾತಿಗೆ ಕರೆ ಮಾಡಿದಳು, ಮುಖ ತೋರಿಸಲಿಲ್ಲ. ರೂಮು ಸಿಕ್ಕಿತು, ಚೆನ್ನಾಗಿದೆ ಎಂದಳು. ಮೂರು ತಿಂಗಳಾಯಿತು. ಹೆಂಡತಿಗೆ ಇದು ಗೊತ್ತಿಲ್ಲ. ಗೊತ್ತಿದ್ದರೆ ಅವಳು ಆ ರಾತ್ರಿಯೇ ಅಕ್ಕನ ಟ್ರಂಕು ತರಲು ಗಾಡಿ ಮಾಡುತ್ತಿದ್ದಳು.

ಹತ್ತೂ ಕಾಲಿಗೆ ಬೆಲ್ಲಾಯಿತು. ಲೈನಿನವನು ಐವತ್ತರ ಆಸುಪಾಸಿನ ಮನುಷ್ಯ, ಸೊಂಟದಲ್ಲಿ ಇಕ್ಕಳ, ಸ್ಕ್ರೂಡ್ರೈವರು, ಸುರುಳಿ ಸುತ್ತಿದ ಟೇಪು, ಮುಖದಲ್ಲಿ ಹೆಣ್ಣು ನೋಡಲು ಬಂದವರ ಗಾಂಭೀರ್ಯ. ಡಬ್ಬಿಯನ್ನು ಮುಟ್ಟಿ ನೋಡಿದ, ತಂತಿಯನ್ನು ಮೂಲೆಯಿಂದ ಮೂಲೆಗೆ ಬೆರಳಲ್ಲಿ ಸವರಿಕೊಂಡು ಹೋದ, ಕೈಯಲ್ಲಿದ್ದ ಸಣ್ಣ ಯಂತ್ರವನ್ನು ಚುಚ್ಚಿ ಕಣ್ಣು ಕಿರಿದು ಮಾಡಿದ. ‘ನಿಮ್ಮನೆಗೆ ಬರೋದು ಚೆನ್ನಾಗೇ ಬರ್ತಿದೆ ಸರ್. ನಿಮ್ಮನೆಯಿಂದ ಹೋಗೋದು ಸ್ವಲ್ಪ ಕಮ್ಮಿ. ಆದ್ರೆ ಅದು ಈ ಹಳೇ ಲೈನಿನ ಗುಣ, ಕೆಟ್ಟಿರೋದಲ್ಲ’ ಎಂದ. ತನ್ನ ಗುಣವನ್ನೇ ಹೇಳಿದಂತಾಗಿ ಇವನು ಸುಮ್ಮನೆ ನಕ್ಕ. ಹೆಂಡತಿ ನಗಲಿಲ್ಲ. ಅವಳು ಫೋನು ತೆಗೆದು ದೂರುಗಳ ಪಟ್ಟಿ ಹಿಡಿದಳು. ‘ನಾನು ಒಂದೊಂದೇ ಓದ್ತೀನಿ, ನೀವು ನಿಮ್ಮದರಲ್ಲಿ ನೋಡಿ.’

ಲೈನಿನವನು ತನ್ನ ಫೋನು ತೆರೆದ. ತೆರೆಯುವ ಮೊದಲು, ಬಹಳ ದಿನದಿಂದ ಹೇಳಬೇಕೆಂದಿದ್ದದ್ದನ್ನು ಹೇಳುವವನಂತೆ ಕೆಮ್ಮಿದ. ‘ಬೇಜಾರು ಮಾಡ್ಕೋಬೇಡಿ ಮೇಡಂ. ಇಡೀ ಏರಿಯಾದಲ್ಲಿ ಯಾರೂ ಇಷ್ಟು ಕಂಪ್ಲೇಂಟು ಕೊಟ್ಟಿಲ್ಲ. ಹದಿನಾಲ್ಕು ಒಂದೇ ಮನೇದು. ನಿಮ್ಮನೆ ನಂಬರು ಮುನ್ನೂರೆರಡಲ್ವಾ, ಆಫೀಸಲ್ಲಿ ನನ್ನನ್ನೇ ಮುನ್ನೂರೆರಡು ಅಂತ ಕರೀತಾರೆ. ಮುನ್ನೂರೆರಡು ಊಟಕ್ಕೆ ಹೋದ್ನಾ, ಮುನ್ನೂರೆರಡು ರಜಾನಾ, ಹಿಂಗೆ. ಈ ತಂತಿ ನಾನೇ ಎಳೆದಿದ್ದು.’ ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ನಗುತ್ತಾ ಹೇಳಿದ. ಇವನ ಮುಖ ಸಣ್ಣದಾಯಿತು, ಕುಡಿಯಲು ನೀರು ತರುವ ನೆಪದಲ್ಲಿ ಏಳಬೇಕೆಂದುಕೊಂಡ, ಆದರೆ ಹೆಂಡತಿ ಆಗಲೇ ಓದಲು ಶುರುಮಾಡಿದ್ದಳು. ಏಳನೇ ತಾರೀಖು, ಬೆಳಿಗ್ಗೆ ಹನ್ನೊಂದು, ಕೆಲಸದ ಮೀಟಿಂಗು. ಲೈನ್ ಇತ್ತು ಮೇಡಂ. ಹತ್ತೊಂಬತ್ತು, ಮೂರೂವರೆ, ಕೆಲಸದ ಮೀಟಿಂಗು. ಇತ್ತು. ಇಪ್ಪತ್ತಮೂರು, ಚಿಕ್ಕಪ್ಪನ ಕರೆ. ಇತ್ತು ಮೇಡಂ. ಅವಳ ದನಿ ಮೊದಮೊದಲು ವಕೀಲರಂತೆ ಏರಿತ್ತು, ಐದನೆಯದರ ಹೊತ್ತಿಗೆ ಸಮಕ್ಕೆ ಬಂತು, ಎಂಟನೆಯದರಲ್ಲಿ ಅವಳು ಒಮ್ಮೆ ಗಂಡನ ಕಡೆ ನೋಡಿದಳು. ತರಗತಿಯಲ್ಲಿ ಉತ್ತರ ಸರಿಯಿದ್ದು ಹಂತಗಳು ಯಾರದೋ ಎಂದು ಅನುಮಾನ ಬಂದಾಗ ಅವಳು ಮಕ್ಕಳನ್ನು ನೋಡುವುದೂ ಹಾಗೆಯೇ. ಅವನು ಡಬ್ಬಿಯ ಹಸಿರು ದೀಪವನ್ನು ದಿಟ್ಟಿಸುತ್ತಿದ್ದ.

‘ಭಾನುವಾರ, ಸಂಜೆ ಐದೂ ಇಪ್ಪತ್ತು. ಅಕ್ಕನ ಕರೆ ಮಧ್ಯದಲ್ಲಿ ಹೋಯಿತು.’ ಲೈನಿನವನು ಬೆರಳು ಸರಿಸಿ ಸರಿಸಿ ನೋಡಿದ. ‘ಅವತ್ತು ದಿನಪೂರ್ತಿ ಇತ್ತು ಮೇಡಂ, ಒಂದು ಸೆಕೆಂಡೂ ಹೋಗಿಲ್ಲ. ಆರು ತಿಂಗಳಲ್ಲಿ ನಿಮ್ಮ ಲೈನು ಹೋಗಿರೋದು ಮೂರೇ ಸಲ, ಒಟ್ಟು ಒಂಬತ್ತು ನಿಮಿಷ. ಮೂರೂ ಬೆಳಗಿನ ಜಾವ.’ ‘ಅವತ್ತು ನಂಗೆ ಪರೀಕ್ಷೆ ಮುಂಚಿನ ಎಕ್ಸ್‌ಟ್ರಾ ಕ್ಲಾಸಿತ್ತು’ ಎಂದು ಅವಳು ನಿಧಾನವಾಗಿ ಹೇಳಿದಳು, ‘ನಂದು ಹೋಗಿರಲಿಲ್ಲ.’ ಮಿಕ್ಕ ನಾಲ್ಕನ್ನು ಅವಳು ಓದಲಿಲ್ಲ. ಲೈನಿನವನಿಗೆ ನೀರು ಕೊಟ್ಟಳು, ಹದಿನಾಲ್ಕು ದೂರೂ ನಮ್ಮದೇ ತಪ್ಪೆಂದು ಕಂಪನಿಗೆ ಬರೆಯುತ್ತೇನೆ ಎಂದಳು. ಅವನು ಸಂಕೋಚದಿಂದ, ‘ಪರವಾಗಿಲ್ಲ, ಹನ್ನೆರಡು ದೂರಿಗೆ ಬರೆದ್ರೂ ಸಾಕು, ಪೂರ್ತಿ ಹೋದ್ರೆ ಆಫೀಸಲ್ಲಿ ನನಗೆ ಹೆಸರೇ ಇಲ್ಲದ ಹಾಗಾಗುತ್ತೆ’ ಎಂದು ತಮಾಷೆ ಮಾಡಿ ಚಪ್ಪಲಿ ಮೆಟ್ಟಿಕೊಂಡು ಹೋದ.

ಹೆಂಡತಿ ಬಾಗಿಲು ಹಾಕಿ ಬಂದಳು. ‘ಅಕ್ಕ ಅವತ್ತು ಏನು ಕೇಳಿದ್ರು?’ ಎಂದಳು. ಮಿಕ್ಕ ಹದಿಮೂರರ ಬಗ್ಗೆ ಅವಳು ಕೇಳಲೇ ಇಲ್ಲ, ನೇರವಾಗಿ ಅಲ್ಲಿಗೇ ಕೈ ಹಾಕಿದಳು. ಅವನು ಹೇಳಿದ. ಎರಡೇ ಸಾಲಿನಲ್ಲಿ ಹೇಳಿದ. ‘ಬೇಡ ಅಂತ ಅನ್ನಿಸಿತ್ತು ಅಂದ್ರೆ ಬೇಡ ಅಂದಿದ್ರೂ ಆಗ್ತಿತ್ತು. ಅವರು ಬೈದು ಮರೀತಿದ್ರು’ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಿಳಿ ಬೋರ್ಡು ಎತ್ತಿಕೊಂಡು ಬಂದು ಅವನ ಮೇಜಿಗೆ ಒರಗಿಸಿದಳು. ಬೆಂಕಿಯ ಸಿಲಿಂಡರಿನವನು ಇನ್ನೂ ಪಿನ್ನು ಹಿಡಿದು ನಿಂತೇ ಇದ್ದ, ಅವನ ಸಮೇತ ಲ್ಯಾಪ್‌ಟಾಪನ್ನು ಗಂಡನ ಕೈಗೆ ಕೊಟ್ಟಳು. ‘ಇವತ್ತಿಂದ ನನ್ನ ಕ್ಲಾಸು ಇಲ್ಲಿ. ನೀನು ಒಗೆಯೋ ಮಿಷಿನ್ ಹತ್ತಿರ. ಹನ್ನೆರಡಕ್ಕೆ ಅದು ಮುಗಿಯತ್ತೆ, ಬಟ್ಟೆ ಒಣಹಾಕು. ಮೊದಲು ಅಕ್ಕನಿಗೆ ಫೋನ್ ಮಾಡು, ಮುಖ ಕಾಣೋ ಥರ.’ ಬಾಗಿಲು ಹಾಕಿಕೊಂಡಳು. ಒಳಗಿನಿಂದ, ‘ಗುಡ್ ಮಾರ್ನಿಂಗ್ ಮಕ್ಕಳೇ, ಯಾರ್ಯಾರು ಹೋಮ್‌ವರ್ಕ್ ಮಾಡಿಲ್ಲ, ಮೊದಲೇ ಹೇಳಿಬಿಡಿ’ ಎಂಬ ದನಿ ಕೇಳಿಸಿತು.

ಮಿಷಿನ್ನು ನಡುಗುತ್ತಿತ್ತು, ಅದರ ಜೊತೆ ಲ್ಯಾಪ್‌ಟಾಪೂ, ಅದರಲ್ಲಿ ಕಾಣುವ ಅವನ ಮುಖವೂ. ಹೆಂಡತಿ ಆರು ತಿಂಗಳು ಹೀಗೆ ನಡುಗುತ್ತಲೇ ಪಾಠ ಮಾಡಿದಳೇ ಎಂದು ನಾಚಿಕೆಯಾಯಿತು. ಅಕ್ಕ ಎತ್ತಲಿಕ್ಕಿಲ್ಲ ಎಂದುಕೊಂಡ. ಎತ್ತದಿರಲಿ ಎಂದೂ ಅಂದುಕೊಂಡ. ಮೂರನೇ ರಿಂಗಿಗೆ ಎತ್ತಿದಳು, ಮುಖ ಬಂತು, ಕನ್ನಡಕ ಹೊಸದು, ಕಿವಿಗೆ ದೊಡ್ಡ ಹೆಡ್‌ಫೋನು. ‘ಏನೋ ಪುಟ್ಟ, ಕೆಲಸದ ಹೊತ್ತಲ್ಲಿ? ಎಲ್ಲಿದ್ದೀಯ, ಯಾಕೆ ಹಂಗೆ ಗಡಗಡ ಅಂತಿದ್ದೀಯ?’ ಎಂದಳು. ಬಟ್ಟೆ ಒಗೀತಾ ಇದ್ದೀನಿ ಎಂದ. ‘ಒಳ್ಳೇದಾಯ್ತು, ಈಗಲಾದರೂ’ ಎಂದು ನಕ್ಕಳು. ಅವನು ತಂದಿದ್ದ ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರುಮಾಡಿದಳು. ಅವಳಿಗೆ ಕೆಲಸ ಸಿಕ್ಕಿತ್ತು. ಡಾಕ್ಟರುಗಳು ರೋಗಿಗಳ ಬಗ್ಗೆ ಬಾಯಲ್ಲಿ ಹೇಳಿ ಕಳಿಸಿದ್ದನ್ನು ಕೇಳಿ ಟೈಪು ಮಾಡುವುದು, ರೂಮಿನಿಂದಲೇ. ‘ನಾನೂ ಈಗ ನಿನ್ನ ಥರ. ಪೈಜಾಮ ಒಂದು ಕಮ್ಮಿ. ಅಲ್ಲ ಕಣೋ, ನಿಂಗೆ ಗೊತ್ತಿರಬೇಕು, ಇಲ್ಲಿ ಮೂರು ಥರ ನೆಟ್ ಇದೆ ಅಂತಾರೆ, ಯಾವುದು ಹಾಕಿಸಲಿ?’

ಅವನಿಗೆ ಜೀವ ಬಂದಂತಾಯಿತು. ಕ್ಷಮೆ ಕೇಳುವುದಕ್ಕಿಂತ ಸಲಹೆ ಕೊಡುವುದು ಎಷ್ಟೋ ಸುಲಭ. ಕಣ್ಣೆದುರೇ ಫ್ರಿಜ್ಜಿನ ಮೇಲೆ ಹೆಂಡತಿಯ ಹಾಳೆ ಇತ್ತು. ಗಾಜಿನ ಎಳೆ ಬಂದಿದ್ದರೆ ಅದೇ ಹಾಕಿಸು ಅಕ್ಕ, ಜಾಹೀರಾತಿನ ದೊಡ್ಡ ಸಂಖ್ಯೆ ನೋಡಬೇಡ, ಅದು ಬರುವ ವೇಗ, ನೀನು ಕೆಲಸ ಕಳಿಸಬೇಕಲ್ಲ, ಹೋಗುವ ವೇಗ ಎಷ್ಟು ಅಂತ ಕೇಳು. ಡಬ್ಬಿಯಿಂದ ಮೇಜಿಗೆ ತಂತಿಯನ್ನೇ ಎಳೆಸು, ಗಾಳಿಯಲ್ಲಿ ಬರುವುದನ್ನು ನಂಬಬೇಡ. ಡಬ್ಬಿಗೊಂದು ಸಣ್ಣ ಬ್ಯಾಟರಿ ಇಡು, ಕರೆಂಟು ಹೋದರೂ ನಡೆಯುತ್ತದೆ. ಫೋನಿಗೆ ಬೇರೆ ಕಂಪನಿಯ ಸಿಮ್ ಹಾಕಿಕೊಂಡಿರು, ಒಂದು ಕೈ ಕೊಟ್ಟರೆ ಇನ್ನೊಂದು. ಪಕ್ಕದ ಮನೆಯವರನ್ನು ಕೇಳು, ಸಂಜೆ ಹೊತ್ತು ಹೇಗಿರುತ್ತದೆ ಅಂತ. ಇಷ್ಟು ಒಳ್ಳೆಯ ಮನುಷ್ಯ ತಾನು ಎಂದು ಅವನಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಅನ್ನಿಸಿತು. ಅಕ್ಕ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡಳು. ಬರೆದುಕೊಂಡು, ಪೆನ್ನು ಮುಚ್ಚಿ, ‘ಇಷ್ಟೆಲ್ಲ ಗೊತ್ತಿದ್ದೂ ನಿಮ್ಮನೇದು ಯಾಕೋ ಹಂಗೆ ಹೋಗುತ್ತೆ?’ ಎಂದು ಕೇಳಿದಳು.

ಮಿಷಿನ್ನು ಆಗಷ್ಟೇ ನಿಂತಿತು. ಮುಖ ನಡುಗುವುದು ತಪ್ಪಿತು. ‘ಹೋಗಲ್ಲ ಅಕ್ಕ’ ಎಂದ. ‘ಅವತ್ತೂ ಹೋಗಿರಲಿಲ್ಲ.’

‘ಗೊತ್ತು ಕಣೋ’ ಎಂದಳು ಅಕ್ಕ.

ಹೇಗೆ ಎಂದು ಅವನು ಕೇಳಿದ್ದು ಪಶ್ಚಾತ್ತಾಪದಿಂದಲ್ಲ, ಕಸಬುದಾರನ ಅಭಿಮಾನದಿಂದ. ರೆಪ್ಪೆ ಅಲ್ಲಾಡಿತೇ, ಕಿಟಕಿಯ ಪರದೆ ಹಾರಿತೇ? ‘ನೀನೇನೋ ಚೆನ್ನಾಗೇ ಕೂತಿದ್ದೆ. ನಾನೂ ಮೊದಲು ಹೋಯ್ತು ಅಂದ್ಕೊಂಡೆ. ಆದ್ರೆ ಹಿಂದೆ ನಿನ್ನ ಹೆಂಡತಿ ಪಾಠ ಮಾಡೋದು ಕೇಳಿಸ್ತಿತ್ತು. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎರಡು ಸ್ಪರ್ಶಕ ಎಳೆದ್ರೆ ಎರಡೂ ಒಂದೇ ಉದ್ದ ಇರತ್ತೆ ಅಂತ. ಎರಡು ಸಲ ಹೇಳಿದ್ಳು. ಚೆನ್ನಾಗಿ ಹೇಳ್ತಾಳೆ, ಅವತ್ತಿಂದ ನಂಗೆ ಮರೆತೇ ಇಲ್ಲ.’ ಅವನು ಹಣೆ ಚಚ್ಚಿಕೊಂಡ. ಮೈಕು ಮುಚ್ಚಿರಲಿಲ್ಲ. ಸದ್ದನ್ನು ಪೂರ್ತಿ ಮುಚ್ಚಿ ಚಿತ್ರ ನೋಡಬೇಕು, ಬರೀ ಸಾಲು ಓದಿದರೇ ಎಲ್ಲ ತಿಳಿಯಬೇಕು, ಅದೇ ಈ ಕೆಲಸದ ಕೊನೆಯ ಪರೀಕ್ಷೆ ಎಂದು ಆರು ವರ್ಷ ಹಾಗೇ ನೋಡಿ ನೋಡಿ, ಜಗತ್ತಿಗೆ ಸದ್ದೂ ಇದೆ ಎನ್ನುವುದನ್ನೇ ಅವನು ಮರೆತಿದ್ದ.

‘ಈಗ ಬಾ ಅಕ್ಕ’ ಎಂದ. ಹೇಳುವಾಗಲೇ ಅದು ಎಷ್ಟು ತಡವಾದ ಮಾತೆಂದು ತಿಳಿಯಿತು. ‘ಈಗ ಯಾಕೋ, ರೂಮು ಸಿಕ್ಕಿದೆಯಲ್ಲ’ ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಅವನು ಹುಡುಕಿದ, ಇದ್ದಿದ್ದರೆ ಒಳ್ಳೆಯದಿತ್ತು. ‘ಗೊತ್ತಿದ್ದೂ ಮತ್ತೆ ಯಾಕೆ ಕೇಳಲಿಲ್ಲ? ಇನ್ನೊಂದು ಸಲ ಕೇಳಿದ್ರೆ...’

‘ಕೇಳೋಣ ಅಂತ ಎರಡು ಸಲ ಫೋನ್ ಕೈಗೆ ತಗೊಂಡೆ’ ಎಂದಳು ಅಕ್ಕ. ಹೆಡ್‌ಫೋನು ತೆಗೆದು ಕೊರಳಿಗೆ ಹಾಕಿಕೊಂಡಳು. ‘ಆಮೇಲೆ ಅನ್ನಿಸ್ತು, ಪಾಪ, ಮತ್ತೆ ಹಂಗೆ ಬಾಯಿ ತಕ್ಕೊಂಡು, ಉಸಿರು ಬಿಗಿ ಹಿಡ್ಕೊಂಡು ಕೂರಬೇಕಾಗುತ್ತಲ್ಲ ಇವನು ಅಂತ. ಬಿಟ್ಟುಬಿಟ್ಟೆ.’

ಅವನಿಗೆ ಅಳು ಬಂತು. ತಡೆದುಕೊಳ್ಳಬೇಕೆಂದು ಹಲ್ಲು ಕಚ್ಚಿದ, ಕೈ ಮುಖದವರೆಗೆ ಹೋಗಿ ಅಲ್ಲೇ ನಿಂತಿತು. ಪರದೆಯಲ್ಲಿ ಅಕ್ಕ ಮುಂದಕ್ಕೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದಳು, ಬೆರಳಿಂದ ಗಾಜನ್ನು ಟಕ ಟಕ ಬಡಿದಳು.

‘ಪುಟ್ಟ? ಏನೋ, ಈ ಸಲ ನಿಜವಾಗ್ಲೂ ಹೋಯ್ತಾ?’

‘ಇಲ್ಲ ಅಕ್ಕ’ ಎಂದ ಅವನು. ‘ಇದ್ದೀನಿ.’